ಯೂನಿಟಿಯೋ ಅನ್‌ರಿಯಲ್ಲೋ ಎಂದು ಕೇಳಿ ಬಂದ ಹುಡುಗ

(ಗುರುತು ಸಿಗದಂತೆ ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನನ್ನು 'ಸ' ಎನ್ನೋಣ. ಬಿಸಿಎ ಎರಡನೇ ವರ್ಷ. ಜತೆಗೆ ಅಮ್ಮ ಬಂದಿದ್ದರು. ಗೇಮ್ ಡೆವಲಪ್‌ಮೆಂಟ್ ಕಲಿಸುವ ಖಾಸಗಿ ಸಂಸ್ಥೆಯೊಂದರ ಶುಲ್ಕ ಒಂದೂವರೆ ಲಕ್ಷ. ಬಳೆ ಅಡವಿಡಲು ಆ ತಾಯಿ ಸಿದ್ಧರಿದ್ದರು. "ರಾತ್ರಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾನೆ ಮೇಡಂ. ಬೆಳಗ್ಗೆ ನೋಡಿದ್ರೆ, ನನ್ ಕೈಲಿ ಆಗಲ್ಲಮ್ಮ ಅಂತ ಅಳ್ತಾನೆ" ಅಂದರು. ಹುಡುಗನಿಗೆ ಬೇಕಿದ್ದದ್ದು ಒಂದೇ ಉತ್ತರ: ಆಟ ಕಟ್ಟುವ ತಂತ್ರಾಂಶಗಳಲ್ಲಿ, ಅಂದರೆ ಗೇಮ್ ಎಂಜಿನ್‌ಗಳಲ್ಲಿ, ಯೂನಿಟಿ ಕಲಿಯಬೇಕೋ, ಅನ್‌ರಿಯಲ್ಲೋ?

ನಾನು ಸಲಹೆ ಕೊಡುವ ಈ ಕೆಲಸಕ್ಕೆ ಬರುವ ಮುಂಚೆ ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದವಳು. ಹಾಗಾಗಿ ಮೊದಲು ಲ್ಯಾಪ್‌ಟಾಪ್ ತೆಗೆಯಲು ಹೇಳಿದೆ. ಎಂಟು ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದರಲ್ಲಿ ಅನ್‌ರಿಯಲ್ 5 ಹಾಕಿಕೊಂಡು ಓಪನ್ ವರ್ಲ್ಡ್ ಆಟ (ದೊಡ್ಡ ಲೋಕವೊಂದರಲ್ಲಿ ಬೇಕಾದ ಕಡೆ ತಿರುಗಾಡುವಂಥದ್ದು) ಶುರು ಮಾಡಿದ್ದ. ಅನ್‌ರಿಯಲ್ ತಯಾರಕರೇ 32 ಜಿಬಿ ರ‍್ಯಾಮ್ ಇರಲಿ ಎನ್ನುತ್ತಾರೆ. ಪ್ರಾಜೆಕ್ಟ್ ತೆರೆಯುವಷ್ಟರಲ್ಲೇ ಯಂತ್ರ ಏದುಸಿರು ಬಿಡುತ್ತಿತ್ತು. ಇದರಲ್ಲಿ ಹುಡುಗನ ತಪ್ಪೇನಿದೆ?

ಇನ್ನೊಂದು ಫೋಲ್ಡರಿನಲ್ಲಿ ಗೊಡೊ ಎಂಬ ಬೇರೊಂದು ಎಂಜಿನ್ನಿನ ಪ್ರಾಜೆಕ್ಟ್ ಇತ್ತು. ಕೇಳಿದರೆ, "ಅದು ನನಗೆ ಅರ್ಥವೇ ಆಗಲಿಲ್ಲ ಮೇಡಂ, ವಿಡಿಯೋದಲ್ಲಿ ಇದ್ದ ಹಾಗೇ ಟೈಪ್ ಮಾಡಿದ್ರೂ ಎರರ್" ಅಂದ. ಕೋಡ್ ನೋಡಿದೆ. ಮೊದಲ ಸಾಲಿನಲ್ಲೇ 'ಕೈನೆಮ್ಯಾಟಿಕ್‌ಬಾಡಿ2ಡಿ' ಎಂದಿತ್ತು. ಆಟದಲ್ಲಿ ಚಲಿಸುವ ಪಾತ್ರದಂಥ ವಸ್ತುವಿಗೆ ಗೊಡೊದ 3ನೇ ಆವೃತ್ತಿಯಲ್ಲಿದ್ದ ಹೆಸರು ಅದು. 2023ರ ಮಾರ್ಚ್‌ನಲ್ಲಿ ಗೊಡೊ 4 ಬಂದಾಗ ಅದು 'ಕ್ಯಾರೆಕ್ಟರ್‌ಬಾಡಿ2ಡಿ' ಆಯಿತು; ಪಾತ್ರವನ್ನು ಚಲಿಸುವಂತೆ ಮಾಡುವ 'ಮೂವ್ ಆ್ಯಂಡ್ ಸ್ಲೈಡ್' ಫಂಕ್ಷನ್ನಿನ ಆವರಣದೊಳಗೆ ವೇಗವನ್ನು ಬರೆಯುವ ಪದ್ಧತಿಯೂ ಹೋಯಿತು. ಇವನು ಹಾಕಿಕೊಂಡದ್ದು 4, ನೋಡಿದ್ದು 3ರ ಪಾಠ. ಎರಡು ಕಡೆ ತಿದ್ದಿದ ಮೇಲೆ ಪರದೆಯ ಮೇಲಿನ ಗೊಂಬೆ ನಡೆಯಿತು. "ಇಷ್ಟೇನಾ?" ಅಂದ. ಇಷ್ಟಕ್ಕೇ ತಾನು ದಡ್ಡ ಎಂದು ತಿಂಗಳುಗಟ್ಟಲೆ ನಂಬಿಕೊಂಡಿದ್ದ ಹುಡುಗ. ಹೊಸಬರು ಕೈಬಿಡುವುದು ಹೆಚ್ಚಾಗಿ ಇಂಥ ಜಾಗದಲ್ಲೇ, ಅದಕ್ಕೇ ನನಗೆ ಸಂಕಟ.

ನಾನು ಕೊಟ್ಟ ಸಲಹೆ: ಸದ್ಯಕ್ಕೆ ಯೂನಿಟಿಯೂ ಬೇಡ, ಅನ್‌ರಿಯಲ್ಲೂ ಬೇಡ. ನಿನ್ನ ಲ್ಯಾಪ್‌ಟಾಪ್ ಹೊರುವಂಥದ್ದು ಗೊಡೊ. ಡೌನ್‌ಲೋಡ್ ಚಿಕ್ಕದು, ಎಂಐಟಿ ಪರವಾನಗಿಯ ಮುಕ್ತ ತಂತ್ರಾಂಶ, ಆಟ ಮಾರಿದರೂ ಯಾರಿಗೂ ಪಾಲು ಕೊಡಬೇಕಿಲ್ಲ. ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಜಾಗದಲ್ಲಿ 'ಕಂಪ್ಯಾಟಿಬಿಲಿಟಿ' ಆರಿಸಿಕೊ, ಹಳೆಯ ಯಂತ್ರದಲ್ಲೂ ಓಡುತ್ತದೆ. ಅದರ ಪ್ರೋಗ್ರಾಮಿಂಗ್ ಭಾಷೆ ಜಿಡಿಸ್ಕ್ರಿಪ್ಟ್ ನೋಡಲು ಪೈಥಾನ್ ಹಾಗೇ ಇದೆ, ಕಾಲೇಜಿನಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಯೂನಿಟಿ ಕೆಟ್ಟದ್ದೆಂದು ನಾನು ಹೇಳಲಾರೆ. ಮೊಬೈಲ್ ಗೇಮ್ ಕಂಪನಿಗಳಲ್ಲಿ ಅದನ್ನು ಬಲ್ಲವರಿಗೆ ಬೇಡಿಕೆ ಇದೆ. ಆದರೆ ಡಿಕ್ಕಿ, ಅಂಕ, ಹಂತಗಳ ತರ್ಕ ಒಮ್ಮೆ ಕೈಗೆ ಬಂದರೆ ಎಂಜಿನ್ ಬದಲಿಸುವುದು ದೊಡ್ಡ ಮಾತಲ್ಲ.

ಪಾಠಕ್ಕೆ ಗೊಡೊದ ಅಧಿಕೃತ ದಾಖಲೆಯಲ್ಲಿರುವ ಮೊದಲ 2ಡಿ ಆಟದ ಅಭ್ಯಾಸವೇ ಸಾಕು. ಆವೃತ್ತಿ ನೋಡಿಕೊಂಡು ತೆರೆ. ಒಮ್ಮೆ ನೋಡಿ ಮಾಡು, ಆಮೇಲೆ ಪುಟ ಮುಚ್ಚಿ ಖಾಲಿ ಪ್ರಾಜೆಕ್ಟಿನಲ್ಲಿ ನೆನಪಿನಿಂದ ಮಾಡು. ಸಿಕ್ಕಿಬಿದ್ದಾಗ ಮಾತ್ರ ತೆರೆದು ನೋಡು. ಸಿಕ್ಕಿಬಿದ್ದ ಕಡೆಯೇ ಕಲಿಯಬೇಕಾದ ಜಾಗ. ಇಂಗ್ಲಿಷ್ ಕಷ್ಟವೆಂದ, ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದುಕೊ ಅಂದೆ. ಸ್ವಲ್ಪ ಕೈ ಪಳಗಿದ ಮೇಲೆ ಹಾರ್ವರ್ಡ್‌ನ ಸಿಎಸ್50 ಗೇಮ್ ಕೋರ್ಸ್ ಉಚಿತವಾಗಿ ಸಿಗುತ್ತದೆ. ಪ್ರೋಗ್ರಾಮಿಂಗ್ ಭಾಷೆ ಬೇರೆಯಾದರೂ 'ಪಾಂಗ್'ನಿಂದ ಆರಂಭಿಸಿ ಹಳೆಯ ಆಟಗಳನ್ನು ಒಂದೊಂದಾಗಿ ಕಟ್ಟಿ ತೋರಿಸುತ್ತಾರೆ.

ಓಪನ್ ವರ್ಲ್ಡ್ ಆಟವನ್ನು ಪಕ್ಕಕ್ಕಿಡಿಸಿ, 1976ರಲ್ಲಿ ಅಟಾರಿ ತಂದ 'ಬ್ರೇಕ್‌ಔಟ್' ಮಾದರಿಯ ಆಟವೊಂದನ್ನು ಪೂರ್ತಿ ಮುಗಿಸಲು ಹೇಳಿದೆ. ಹಲಗೆ, ಚೆಂಡು, ಇಟ್ಟಿಗೆ, ಅಂಕ, ಸದ್ದು, ಶುರುವಿನ ಪರದೆ, ಸೋತಾಗಿನ ಪರದೆ, ಎಲ್ಲವೂ ಇರಬೇಕು. ಚಿತ್ರ ಬರೆಯಲು ಬರದಿದ್ದರೆ ಕೆನ್ನಿ ತಾಣದಲ್ಲಿ ಸಿಸಿ0 ಪರವಾನಗಿಯ ಚಿತ್ರಗಳಿವೆ, ಯಾರನ್ನೂ ಕೇಳದೆ ಬಳಸಬಹುದು. ಮುಗಿದ ಮೇಲೆ ಆಟಗಳನ್ನು ಹಂಚುವ ಇಚ್ (itch.io) ತಾಣಕ್ಕೆ ಏರಿಸಿದರೆ ಗೆಳೆಯರು ಬ್ರೌಸರಿನಲ್ಲೇ ಆಡುತ್ತಾರೆ. ಆದರೆ ರಾತ್ರಿ ಹನ್ನೊಂದಾದ ಮೇಲೆ ಲ್ಯಾಪ್‌ಟಾಪ್ ಮುಚ್ಚಲೇಬೇಕು.

ಅಮ್ಮನಿಗೆ ಬೇರೆಯಾಗಿ ಹೇಳಿದೆ: ಬಳೆ ಕೈಯಲ್ಲೇ ಇರಲಿ. ಒಂದು ಆಟ ಮುಗಿಸಿದ ಹುಡುಗನಿಗೆ ತನಗೇನು ಬರುವುದಿಲ್ಲ ಎಂದು ಗೊತ್ತಿರುತ್ತದೆ, ಆಗ ಕೋರ್ಸ್ ಬೇಕೋ ಬೇಡವೋ ಅವನೇ ಹೇಳಬಲ್ಲ. ಸೇರಿಸುವುದೇ ಆದರೆ, ಅಲ್ಲಿ ಕಲಿತವರು ಮಾಡಿದ ಆಟಗಳನ್ನು ಆಡಿ ನೋಡಿ, ಹಿಂದಿನ ವಿದ್ಯಾರ್ಥಿಗಳನ್ನು ಮಾತಾಡಿಸಿ, ನಡುವೆ ಬಿಟ್ಟರೆ ಹಣ ವಾಪಸು ಬರುತ್ತದೆಯೇ ಎಂದು ಲಿಖಿತವಾಗಿ ಪಡೆಯಿರಿ. ಮನೆಯಲ್ಲಿ "ಎಷ್ಟು ಕಲಿತೆ?" ಎಂದು ಕೇಳಬೇಡಿ, "ಕೊಡು, ನಾನೂ ಆಡ್ತೀನಿ" ಅನ್ನಿ.

ಮುಂದಿನ ಭೇಟಿಗೆ ಬಂದಾಗ ಇಟ್ಟಿಗೆಗಳು ಒಡೆಯುತ್ತಿದ್ದವು. ಚೆಂಡು ಆಗಾಗ ಹಲಗೆಯೊಳಗೇ ಸಿಕ್ಕಿಕೊಳ್ಳುತ್ತಿತ್ತು. ಯಾಕೆಂದು ಕೇಳಿದರೆ, ಹಲಗೆ ಪಕ್ಕದಿಂದ ಬಂದು ಚೆಂಡಿಗೆ ತಗುಲಿದಾಗ ದಿಕ್ಕು ಪದೇಪದೇ ತಿರುಗುತ್ತದೆ ಎಂದು ಕಾಗದದ ಮೇಲೆ ಬಾಣ ಬರೆದು ತೋರಿಸಿದ. ಪರಿಹಾರ ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ. ಕೋರ್ಸಿನ ಮಾತನ್ನು ಸೆಮಿಸ್ಟರ್ ಪರೀಕ್ಷೆ ಮುಗಿಯುವವರೆಗೆ ಮುಂದೂಡಿದ್ದಾರೆ.