ಸಂಬಳ ಸರಿ ಇದೆ, ಮನಸ್ಸೇ ಸರಿ ಇಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಐ.ಟಿ. ಕೆಲಸದಲ್ಲಿರುವವರದ್ದು. ಮೇಲ್ನೋಟಕ್ಕೆ ಎಲ್ಲರದ್ದೂ ಒಂದೇ ದೂರು ಅನ್ನಿಸುತ್ತದೆ. ಪತ್ರ ಪೂರ್ತಿ ಓದಿದರೆ ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧವೇ ಇಲ್ಲ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿದ್ದೀರಿ, ಹಾಕಿಲ್ಲ.

ಪ್ರಶ್ನೆ: ಬ್ಯಾಕೆಂಡ್ ಡೆವಲಪರ್ (ಸಾಫ್ಟ್‌ವೇರ್‌ನಲ್ಲಿ ಬಳಸುವವರ ಕಣ್ಣಿಗೆ ಕಾಣದ ಭಾಗ ಬರೆಯುವವ) ಆಗಿ ಒಂಬತ್ತು ವರ್ಷವಾಯಿತು. ಸಂಬಳ ಚೆನ್ನಾಗಿದೆ, ಮ್ಯಾನೇಜರ್ ಒಳ್ಳೆಯವರು, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಆದರೂ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲು ಮನಸ್ಸು ಬರುವುದಿಲ್ಲ. ಹೆಂಡತಿಗೆ ಹೇಳಿದರೆ "ನಿಮಗೆ ಸುಖ ಜಾಸ್ತಿಯಾಗಿದೆ" ಅನ್ನುತ್ತಾಳೆ. ಐ.ಟಿ.ಯನ್ನೇ ಬಿಟ್ಟುಬಿಡಲಾ? ಇಲ್ಲಾ ಯಾವುದಾದರೂ ಹವ್ಯಾಸ ಹಚ್ಚಿಕೊಂಡರೆ ಸರಿಹೋಗುತ್ತದಾ?

ಉತ್ತರ: ನೀವು ಬರೆದದ್ದನ್ನೇ ಇನ್ನೊಮ್ಮೆ ಓದಿ. ಸಂಬಳ, ಮ್ಯಾನೇಜರ್, ಮನೆಯಿಂದ ಕೆಲಸ. ಇದರಲ್ಲಿ ಒಂದಾದರೂ ನೀವು ದಿನಾ ಕೂತು ಮಾಡುವ ಕೆಲಸದ ಬಗ್ಗೆ ಇದೆಯಾ? ಎಲ್ಲವೂ ಕೆಲಸದ ಸುತ್ತಮುತ್ತಲಿನ ಸಂಗತಿಗಳು.

ಫ್ರೆಡರಿಕ್ ಹರ್ಜ್‌ಬರ್ಗ್ ಅನ್ನುವ ಮನೋವಿಜ್ಞಾನಿ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಒಂದು ವಿಷಯ ಹೇಳಿದರು. ಅತೃಪ್ತಿ ಹೋದರೆ ತೃಪ್ತಿ ತಾನಾಗಿ ಬರುವುದಿಲ್ಲ, ಎರಡರ ಕಾರಣಗಳೇ ಬೇರೆ. ಸಂಬಳ, ಮೇಲಧಿಕಾರಿ, ಕಂಪನಿಯ ನಿಯಮ, ಇವು ಕೆಟ್ಟರೆ ಸಿಟ್ಟು ಬರುತ್ತದೆ. ಸರಿ ಇದ್ದರೆ ಸಿಟ್ಟು ಬರುವುದಿಲ್ಲ, ಅಷ್ಟೇ. ಖುಷಿ ಕೊಡುವುದು ಕೆಲಸವೇ, ಏನೋ ಸಾಧಿಸಿದೆ ಅನ್ನುವ ಭಾವನೆ, ಅದನ್ನು ನಾಲ್ಕು ಜನ ಗುರುತಿಸುವುದು, ಜವಾಬ್ದಾರಿ. ಹರ್ಜ್‌ಬರ್ಗ್ ಮಾತಿಗೆ ಟೀಕೆಯೂ ಬಂತು. ಜನ ಒಳ್ಳೆಯದಾದರೆ ತಮ್ಮಿಂದ ಆಯಿತು ಅನ್ನುತ್ತಾರೆ, ಕೆಟ್ಟದಾದರೆ ಕಂಪನಿಯ ಮೇಲೆ ಹಾಕುತ್ತಾರೆ, ಬರೀ ಅವರ ಮಾತು ನಂಬಿ ಹೀಗೆ ಎರಡು ಗುಂಪು ಮಾಡಬಹುದಾ ಅಂತ. ಟೀಕೆ ನ್ಯಾಯವಾದದ್ದೇ. ಆದರೆ ನಿಮ್ಮ ಪತ್ರಕ್ಕಂತೂ ಹರ್ಜ್‌ಬರ್ಗ್ ಮಾತು ಹೊಂದುತ್ತದೆ.

ಆಮೇಲೆ 1970ರ ದಶಕದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಅನ್ನುವ ಇಬ್ಬರು ಸಂಶೋಧಕರು ಇನ್ನೂ ಬಿಡಿಸಿ ಹೇಳಿದರು. ಕೆಲಸದಲ್ಲಿ ಬೇರೆ ಬೇರೆ ಕೌಶಲ ಬೇಕಾಗುತ್ತದಾ? ಒಂದು ಕೆಲಸವನ್ನು ಶುರುವಿಂದ ಕೊನೆಯವರೆಗೆ ನೀವೇ ಮಾಡುತ್ತೀರಾ? ಅದರಿಂದ ಯಾರಿಗಾದರೂ ಉಪಯೋಗವಿದೆಯಾ? ಹೇಗೆ ಮಾಡಬೇಕು ಅನ್ನುವುದು ನಿಮ್ಮ ಕೈಯಲ್ಲಿದೆಯಾ? ಚೆನ್ನಾಗಿ ಆಯಿತೋ ಇಲ್ಲವೋ ಅಂತ ಕೆಲಸ ಮಾಡುತ್ತಲೇ ಗೊತ್ತಾಗುತ್ತದಾ? ಈಗ ನಿಮ್ಮ ದಿನ ನೆನಪಿಸಿಕೊಳ್ಳಿ. ಕೈಗೆ ಬರುವುದು ಒಂದು ಟಿಕೆಟ್, ಅಂದರೆ ಮಾಡಬೇಕಾದ ಒಂದು ತುಂಡು ಕೆಲಸದ ಚೀಟಿ. ಎಪಿಐಗೆ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ಒಂದು ಫೀಲ್ಡ್ ಸೇರಿಸಿ ಅಂತ ಇರುತ್ತದೆ. ಯಾರು ಕೇಳಿದರು, ಯಾಕೆ ಬೇಕು, ಸೇರಿಸಿದ ಮೇಲೆ ಯಾರಾದರೂ ಬಳಸಿದರಾ, ಒಂದೂ ನಿಮಗೆ ಗೊತ್ತಿಲ್ಲ, ರಿವ್ಯೂ ಆಯಿತು, ಮರ್ಜ್ ಆಗಿ ಮುಖ್ಯ ಕೋಡ್‌ಗೆ ಸೇರಿತು, ಅಷ್ಟರಲ್ಲಿ ಮುಂದಿನ ಸ್ಪ್ರಿಂಟ್, ಅಂದರೆ ಕೆಲಸದ ಮುಂದಿನ ಸುತ್ತು, ಬಂತು. ಒಂಬತ್ತು ವರ್ಷ ಹೀಗೇ ನಡೆದರೆ ಮನಸ್ಸು ಬೇಸರಪಡದೆ ಇನ್ನೇನು ಮಾಡುತ್ತದೆ?

ಹೀಗೆ ಮಾಡಿ. ಕಳೆದ ಮೂರು ತಿಂಗಳ ಟಿಕೆಟ್‌ಗಳನ್ನು ಎದುರಿಗಿಟ್ಟುಕೊಂಡು ಆ ಐದು ಪ್ರಶ್ನೆ ಕೇಳಿಕೊಳ್ಳಿ. ಐದೂ ಇಲ್ಲ ಅಂತ ಇರುವುದಿಲ್ಲ, ಸಾಮಾನ್ಯವಾಗಿ ಒಂದೋ ಎರಡೋ ಇರುವುದಿಲ್ಲ. ಮ್ಯಾನೇಜರ್ ಒಳ್ಳೆಯವರು ಅಂದಿರಲ್ಲ, ಆ ಒಳ್ಳೆಯತನ ಉಪಯೋಗಕ್ಕೆ ಬರುವುದು ಇಲ್ಲೇ. ಒಂದು ಚಿಕ್ಕ ಫೀಚರ್ ಆದರೂ ಪರವಾಗಿಲ್ಲ, ಗ್ರಾಹಕರ ಜೊತೆಗಿನ ಮೊದಲ ಮಾತುಕತೆಯಿಂದ ಪ್ರೊಡಕ್ಷನ್‌ಗೆ ಹೋಗಿ ಜನರ ಬಳಕೆಗೆ ಸಿಗುವವರೆಗೆ ನನಗೇ ಕೊಡಿ ಅಂತ ಕೇಳಿ. ಸಪೋರ್ಟ್ ತಂಡದ ಪಕ್ಕ ಒಂದು ದಿನ ಕೂತು ಜನ ನಿಮ್ಮ ಸಾಫ್ಟ್‌ವೇರ್‌ಗೆ ಹೇಗೆ ಬೈಯುತ್ತಾರೆ ಅಂತ ಕೇಳಿಸಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಬೈಯುವುದಕ್ಕಾದರೂ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾದರೆ ಟಿಕೆಟ್‌ಗೆ ಒಂದು ಮುಖ ಬರುತ್ತದೆ. ಆರು ತಿಂಗಳಾದರೂ ಏನೂ ಬದಲಾಗದಿದ್ದರೆ ತಂಡ ಬದಲಿಸಿ, ಅದೂ ಆಗದಿದ್ದರೆ ಕಂಪನಿ. ಐ.ಟಿ. ಬಿಡುವ ಯೋಚನೆ ಇದೆಲ್ಲ ಆದ ಮೇಲೆ. ಬರೀ ಸಂಬಳದ ಹೈಕ್ ನೋಡಿ ಕಂಪನಿ ಬದಲಿಸಿದರೆ ಅಲ್ಲೂ ಇದೇ ಟಿಕೆಟ್ ಸಿಗುತ್ತದೆ.

ಹವ್ಯಾಸದ ಬಗ್ಗೆ ಕೇಳಿದಿರಿ. ಶುರು ಮಾಡಿ, ಆದರೆ ಕೆಲಸದ ಬೇಸರ ಹೋಗಿಸುವ ಹೊಣೆ ಅದಕ್ಕೆ ಹೊರಿಸಬೇಡಿ. ಮರದಲ್ಲಿ ಒಂದು ಸ್ಟೂಲ್ ಮಾಡಿ ನೋಡಿ, ಮೇಲಿನ ಐದಕ್ಕೆ ಐದೂ ಅದರಲ್ಲಿ ಸಿಗುತ್ತವೆ. ತೊಂದರೆ ಏನೆಂದರೆ, ಭಾನುವಾರ ಆ ಖುಷಿ ನೋಡಿದ ಮೇಲೆ ಸೋಮವಾರ ಇನ್ನೂ ಸಪ್ಪೆ ಅನ್ನಿಸಬಹುದು. ಇನ್ನೊಂದು ದಾರಿಯೂ ಇದೆ. ಕೆಲಸ ಬರೀ ಸಂಪಾದನೆಗೆ, ನನ್ನ ಬದುಕು ಅದರ ಆಚೆ ಅಂತ ತೀರ್ಮಾನ ಮಾಡಿಕೊಂಡು ನೆಮ್ಮದಿಯಾಗಿ ಇರುವವರು ಇದ್ದಾರೆ. ಅದೇನೂ ಸೋಲಲ್ಲ. ಆದರೆ ಅದು ನೀವೇ ಆರಿಸಿಕೊಂಡದ್ದಾಗಿರಬೇಕು, ಬೇರೆ ದಾರಿ ಕಾಣದೆ ಒಪ್ಪಿಕೊಂಡದ್ದಲ್ಲ.

ನಿಮ್ಮ ಹೆಂಡತಿಗೆ ಈ ಉತ್ತರ ಓದಲು ಕೊಡಿ. ಸುಖ ಜಾಸ್ತಿಯಾಗಿಲ್ಲ.

ಪ್ರಶ್ನೆ: ಆಫೀಸ್ ಮುಗಿದ ಮೇಲೆ ನನ್ನದೇ ಒಂದು ಆ್ಯಪ್ ಬರೆಯುತ್ತೇನೆ. "ಅಲ್ಲೂ ಕೋಡಿಂಗ್, ಇಲ್ಲೂ ಕೋಡಿಂಗ್, ಇದೆಂಥ ಹವ್ಯಾಸ" ಅಂತ ಗೆಳೆಯರು ನಗುತ್ತಾರೆ. ಇದು ಹವ್ಯಾಸ ಅಲ್ವಾ?

ಉತ್ತರ: ಯಾಕಲ್ಲ? 1991ರ ಆಗಸ್ಟ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಅನ್ನುವ ವಿದ್ಯಾರ್ಥಿ, ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ಬರೀ ಹವ್ಯಾಸಕ್ಕೆ, ದೊಡ್ಡದೇನೂ ಆಗುವುದಿಲ್ಲ ಅಂತ ಬರೆದಿದ್ದ. ಅದೇ ಈಗ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಓಡುವ ಲಿನಕ್ಸ್. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯೂ ಹಾಗೇ. 1989ರ ಕ್ರಿಸ್‌ಮಸ್ ರಜೆಯಲ್ಲಿ ಆಫೀಸ್ ಮುಚ್ಚಿತ್ತು, ಹೊತ್ತು ಕಳೆಯಲು ಗೈಡೋ ವಾನ್ ರೋಸಮ್ ಶುರು ಮಾಡಿದ್ದು. ನಿಮ್ಮದು ಲಿನಕ್ಸ್ ಆಗಬೇಕಿಲ್ಲ. ನಿಮ್ಮ ಮನೆಯವರೊಬ್ಬರೇ ಬಳಸಿದರೂ ಸಾಕು.

ಎರಡು ವಿಷಯ ನೋಡಿಕೊಳ್ಳಿ. ಒಂದು, ಯಾಕೆ ಬರೆಯುತ್ತೀರಿ? ಹಿಂದೆ ಬಿದ್ದುಬಿಡುತ್ತೇನೆ ಅನ್ನುವ ಭಯಕ್ಕೆ, ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಕೋಡ್ ಹಾಕಿದ ದಿನ ತೋರಿಸುವ ಹಸಿರು ಚೌಕ ತುಂಬಲಿ ಅಂತ ಬರೆಯುತ್ತಿದ್ದರೆ ಅದು ಸಂಬಳವಿಲ್ಲದ ಓವರ್‌ಟೈಮ್. ಹತ್ತು ದಿನ ಅದನ್ನು ಮುಟ್ಟದೆ ಇದ್ದರೆ ನೆನಪಾಗುತ್ತದಾ, ಹಾಯೆನಿಸುತ್ತದಾ ಅಂತ ನೋಡಿ, ಉತ್ತರ ಸಿಗುತ್ತದೆ. ಎರಡು, ನಿಮ್ಮ ನೇಮಕಾತಿ ಒಪ್ಪಂದ ತೆಗೆದು ಓದಿ. ಕೆಲಸದಲ್ಲಿರುವಾಗ ಬರೆದದ್ದೆಲ್ಲ ಕಂಪನಿಯದ್ದು ಅನ್ನುವ ಷರತ್ತು ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಂತೂ ಒಂದು ಸಾಲೂ ಬರೆಯಬೇಡಿ.

ಪ್ರಶ್ನೆ: ಟೆಸ್ಟಿಂಗ್‌ನಲ್ಲಿದ್ದೇನೆ, ಇಬ್ಬರು ಮಕ್ಕಳು. ಕೆಲಸ ಮುಗಿದರೆ ಅಡುಗೆ, ಮಕ್ಕಳ ಹೋಂವರ್ಕ್, ರಾತ್ರಿ ಬೇರೆ ಟೈಮ್ ಝೋನ್‌ನವರ ಜೊತೆ ಕಾಲ್. ಮದುವೆಗೆ ಮುಂಚೆ ಚಿತ್ರ ಬರೆಯುತ್ತಿದ್ದೆ. "ಟೈಮ್ ಮಾಡಿಕೊಳ್ಳಬೇಕು" ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿಂದ ಮಾಡಲಿ? ನಮ್ಮ ಮನೆಯವರಿಗೆ ಪ್ರತಿ ಶನಿವಾರ ಬ್ಯಾಡ್ಮಿಂಟನ್ ಇದೆ.

ಉತ್ತರ: ಕೊನೆಯ ಸಾಲು ಸುಮ್ನೆ ಬರೆದಿಲ್ಲ ನೀವು. ಅದೇ ಉತ್ತರ.

ಆಫೀಸ್ ಕೆಲಸ ಮುಗಿಸಿ ಬಂದ ಹೆಂಗಸರಿಗೆ ಮನೆಯಲ್ಲಿ ಕಾಯುವ ಕೆಲಸವನ್ನು ಆರ್ಲಿ ಹಾಕ್‌ಶೀಲ್ಡ್ ಅನ್ನುವ ಸಮಾಜವಿಜ್ಞಾನಿ 1989ರಲ್ಲೇ ಎರಡನೇ ಪಾಳಿ ಅಂತ ಕರೆದು ಒಂದು ಪುಸ್ತಕವನ್ನೇ ಬರೆದರು. ನಿಮಗೆ ಮೂರನೆಯದೂ ಇದೆ, ರಾತ್ರಿಯ ಕಾಲ್. ಇಂಥವರಿಗೆ ಬೆಳಿಗ್ಗೆ ಐದಕ್ಕೆ ಎದ್ದು ಚಿತ್ರ ಬರೆಯಿರಿ ಅಂತ ಸಲಹೆ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿದ್ದೆ ಕದ್ದು ಮಾಡುವ ಹವ್ಯಾಸ ಜಾಸ್ತಿ ದಿನ ಬಾಳುವುದಿಲ್ಲ.

ನಿಮ್ಮ ಮನೆಯವರ ಬ್ಯಾಡ್ಮಿಂಟನ್ ನಿಲ್ಲಿಸಬೇಡಿ, ಅವರಿಗೂ ಅದು ಬೇಕು. ಭಾನುವಾರದ ಎರಡು ಗಂಟೆ ನಿಮ್ಮದು, ಆಗ ಮಕ್ಕಳೂ ಅಡುಗೆಮನೆಯೂ ಅವರದ್ದು ಅಂತ ಮಾತಾಡಿ ನಿಗದಿ ಮಾಡಿ. ಅವರ ಶನಿವಾರದಷ್ಟೇ ಗಟ್ಟಿಯಾಗಿ ಇರಬೇಕು, "ಆದರೆ ನೋಡೋಣ" ಅನ್ನುವ ಹಾಗಲ್ಲ. ಆ ಎರಡು ಗಂಟೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕರೆ ಬಂದರೆ ಉತ್ತರ ಕೊಡಬೇಡಿ. ಹುಡುಕಲಿ. ರಾತ್ರಿ ಕಾಲ್ ಬಗ್ಗೆ ತಂಡದಲ್ಲಿ ಎತ್ತಿ. ಒಂದು ವಾರ ನಾವು ಎಚ್ಚರವಿರುತ್ತೇವೆ, ಮುಂದಿನ ವಾರ ಅವರಿರಲಿ ಅಂತ ಸರದಿ ಹಾಕಿಕೊಳ್ಳುವ ತಂಡಗಳಿವೆ. ಯಾರೂ ಕೇಳದೇ ಇರುವುದರಿಂದ ಎಷ್ಟೋ ಕಡೆ ಹಳೆಯ ಸಮಯವೇ ಮುಂದುವರಿಯುತ್ತಿರುತ್ತದೆ. ಇನ್ನು ಚಿತ್ರ, ಮೊದಲ ಕೆಲವು ಕೆಟ್ಟದಾಗಿ ಬರುತ್ತವೆ. ಫೋಟೋ ತೆಗೆದು ಎಲ್ಲೂ ಹಾಕಬೇಡಿ, ಲೈಕ್ ಎಣಿಸುವ ಇನ್ನೊಂದು ಕೆಲಸ ನಿಮಗೆ ಬೇಡ.

ಪ್ರಶ್ನೆ: ಡೇಟಾ ಅನಲಿಸ್ಟ್. ವಾರಾಂತ್ಯದಲ್ಲಿ ಹಕ್ಕಿಗಳ ಫೋಟೋ ತೆಗೆಯುತ್ತೇನೆ. ಈಗ ಪರಿಚಯದವರು ಮದುವೆ, ನಾಮಕರಣಕ್ಕೆ ದುಡ್ಡು ಕೊಟ್ಟು ಕರೆಯುತ್ತಿದ್ದಾರೆ. ಇಷ್ಟವಾದದ್ದನ್ನೇ ಕೆಲಸ ಮಾಡಿಕೊಂಡರೆ ಬೇಸರವೇ ಇರುವುದಿಲ್ಲ ಅನ್ನುತ್ತಾರೆ. ಬಿಟ್ಟುಬಿಡಲಾ ಕೆಲಸ?

ಉತ್ತರ: ನಿಮಗೆ ಇಷ್ಟ ಹಕ್ಕಿ. ಅವರು ಕರೆಯುತ್ತಿರುವುದು ಮದುವೆಗೆ. ಹಕ್ಕಿ ಇನ್ನೊಮ್ಮೆ ನಗುತ್ತೇನೆ ತೆಗೀರಿ ಅನ್ನುವುದಿಲ್ಲ, ಆಲ್ಬಂ ಯಾವಾಗ ಕೊಡ್ತೀರಿ ಅಂತ ದಿನಾ ಫೋನ್ ಮಾಡುವುದೂ ಇಲ್ಲ.

ದುಡ್ಡು ಸೇರಿದಾಗ ಇಷ್ಟದ ಕೆಲಸಕ್ಕೆ ಏನಾಗುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಎಡ್ವರ್ಡ್ ಡೆಸಿ 1971ರಲ್ಲಿ ಕಾಲೇಜು ಹುಡುಗರಿಗೆ ಒಂದು ಪಜಲ್ ಕೊಟ್ಟರು. ಕೆಲವರಿಗೆ ಬಿಡಿಸಿದ್ದಕ್ಕೆ ದುಡ್ಡು, ಇನ್ನು ಕೆಲವರಿಗೆ ಇಲ್ಲ. ಆಮೇಲೆ ದುಡ್ಡು ನಿಲ್ಲಿಸಿದಾಗ, ದುಡ್ಡು ಪಡೆದವರು ಬಿಡುವಿನ ಹೊತ್ತಿನಲ್ಲಿ ಪಜಲ್ ಮುಟ್ಟುವುದು ಕಡಿಮೆಯಾಯಿತು. 1973ರಲ್ಲಿ ಪುಟ್ಟ ಮಕ್ಕಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಚಿತ್ರ ಬರೆದರೆ ಬಹುಮಾನ ಅಂತ ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಮಜಾ ಏನೆಂದರೆ, ಹೇಳದೆ ಕೇಳದೆ ಬಹುಮಾನ ಸಿಕ್ಕ ಮಕ್ಕಳಿಗೆ ಏನೂ ಆಗಲಿಲ್ಲ. ಅಂದರೆ ದುಡ್ಡು ಕೆಟ್ಟದ್ದಲ್ಲ. ದುಡ್ಡಿಗೋಸ್ಕರ ಮಾಡುತ್ತಿದ್ದೇನೆ ಅಂತ ತಲೆಯಲ್ಲಿ ಕೂತರೆ ಕಷ್ಟ.

ಹಾಗಂತ ಬೇಡವೇ ಬೇಡ ಅನ್ನುವುದಿಲ್ಲ. ಒಂದು ವರ್ಷ ಕೆಲಸ ಬಿಡದೆ ರಜೆ ಹಾಕಿ ಕೆಲವು ಮದುವೆ ಒಪ್ಪಿಕೊಳ್ಳಿ. ಫೋಟೋ ತೆಗೆಯುವುದು ಅದರಲ್ಲಿ ಚಿಕ್ಕ ಭಾಗ ಅಂತ ಬೇಗ ಗೊತ್ತಾಗುತ್ತದೆ. ಆರಿಸುವುದು, ಎಡಿಟ್, ಬಾಕಿ ವಸೂಲಿ, ಲೆನ್ಸ್ ರಿಪೇರಿ, ತೆರಿಗೆ, ಇದೇ ಜಾಸ್ತಿ. ಇದೆಲ್ಲ ಮಾಡಿದ ಮೇಲೂ ಮರುದಿನ ಬೆಳಿಗ್ಗೆ ಹಕ್ಕಿ ಹುಡುಕಿಕೊಂಡು ಹೊರಡುತ್ತೀರಾದರೆ ಮತ್ತೆ ಪತ್ರ ಬರೆಯಿರಿ, ಆಗ ಲೆಕ್ಕಾಚಾರ ಮಾತಾಡೋಣ.

ಪ್ರಶ್ನೆ: ಆನ್‌ಕಾಲ್ (ಸಿಸ್ಟಂ ಕೆಟ್ಟರೆ ಯಾವ ಹೊತ್ತಿಗಾದರೂ ಎದ್ದು ನೋಡಬೇಕಾದ ಸರದಿ) ಇರುವ ತಂಡದಲ್ಲಿದ್ದೇನೆ. ಫೋನ್ ಬಾರದಿದ್ದರೂ ಬಂದ ಹಾಗೆ ಕೇಳಿಸುತ್ತದೆ. ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ. ಮೊದಲು ಓಡುತ್ತಿದ್ದೆ, ಈಗ ಶೂ ಹಾಕಿಕೊಳ್ಳಲೂ ಮನಸ್ಸಿಲ್ಲ. ಯಾವ ಹವ್ಯಾಸ ಶುರು ಮಾಡಲಿ?

ಉತ್ತರ: ಸದ್ಯಕ್ಕೆ ಯಾವುದೂ ಬೇಡ.

ಇಷ್ಟವಿದ್ದದ್ದೂ ಬೇಡವಾಗಿದೆ ಅನ್ನುತ್ತಿದ್ದೀರಿ, ಅದರ ಮೇಲೆ ಇನ್ನೊಂದನ್ನು ಹೇರಿದರೆ ಅದೂ ಒಂದು ಟಿಕೆಟ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಬರ್ನೌಟ್ ಅನ್ನು ಕಾಯಿಲೆ ಅಂತ ಸೇರಿಸಿಲ್ಲ. ಕೆಲಸದ ಜಾಗದಲ್ಲಿ ನಿಭಾಯಿಸದೆ ಬಿಟ್ಟ ಒತ್ತಡದಿಂದ ಬರುವ ಸ್ಥಿತಿ ಅಂತ ಸೇರಿಸಿದೆ. ತೀರಾ ದಣಿವು, ಕೆಲಸದ ಮೇಲೆ ಜಿಗುಪ್ಸೆ, ಕೈಲಾಗುವುದಿಲ್ಲ ಅನ್ನುವ ಭಾವನೆ, ಈ ಮೂರು ಅದರ ಲಕ್ಷಣ. ಮೂಲ ಕೆಲಸದ ಜಾಗದಲ್ಲಿದೆ ಅಂದ ಮೇಲೆ ರಿಪೇರಿಯೂ ಮೊದಲು ಅಲ್ಲೇ ಆಗಬೇಕು. ಸರದಿಯಲ್ಲಿ ಎಷ್ಟು ಜನ ಇದ್ದೀರಿ? ರಾತ್ರಿ ಎಬ್ಬಿಸುವ ಅಲರ್ಟ್‌ಗಳಲ್ಲಿ ಬೆಳಿಗ್ಗೆವರೆಗೆ ಕಾಯಬಹುದಾದದ್ದು ಎಷ್ಟು? ಒಂದು ತಿಂಗಳು ಬರೆದಿಡಿ, ಮ್ಯಾನೇಜರ್ ಮುಂದೆ ಆ ಹಾಳೆ ಇಡಿ. "ನನಗೆ ಸುಸ್ತಾಗಿದೆ" ಅಂದರೆ ಸಮಾಧಾನ ಮಾಡಿ ಕಳಿಸುತ್ತಾರೆ, ಪಟ್ಟಿ ತೋರಿಸಿದರೆ ಅಲರ್ಟ್ ಕಡಿಮೆ ಮಾಡಲು ಕೂರಬೇಕಾಗುತ್ತದೆ. ರಾತ್ರಿ ಎದ್ದರೆ ಮರುದಿನ ತಡವಾಗಿ ಬರುತ್ತೇನೆ ಅಂತ ಕೇಳಿ.

ಅದಕ್ಕೂ ಮುಂಚೆ ಡಾಕ್ಟರ್ ಹತ್ತಿರ ಹೋಗಿ, ಇದೇ ವಾರ. ಇಷ್ಟದ್ದರಲ್ಲೂ ಆಸಕ್ತಿ ಹೋಗಿರುವುದು ಖಿನ್ನತೆಯೂ ಇರಬಹುದು. ಪತ್ರಿಕೆಯಲ್ಲಿ ಕೂತು ನಾನು ಅದನ್ನು ಹೇಳಲಾರೆ, ಅವರು ನೋಡಿ ಹೇಳುತ್ತಾರೆ.

ಪ್ರಶ್ನೆ: ಮಗ ಸಾಫ್ಟ್‌ವೇರ್ ಎಂಜಿನಿಯರ್, ಮೂವತ್ತೆರಡು ವರ್ಷ. ಈ ವಯಸ್ಸಿನಲ್ಲಿ ಪಿಟೀಲು ಕಲಿಯಲು ಶುರು ಮಾಡಿದ್ದಾನೆ. ಅದೇ ಹೊತ್ತಿನಲ್ಲಿ ಒಂದು ಸರ್ಟಿಫಿಕೇಶನ್ ಮಾಡಿದರೆ ಪ್ರಮೋಷನ್ ಆದರೂ ಸಿಗುತ್ತಿತ್ತು. ಸ್ವಲ್ಪ ಬುದ್ಧಿ ಹೇಳಿ.

ಉತ್ತರ: ಹೇಳುತ್ತೇನೆ, ಆದರೆ ನಿಮಗೆ ಹೇಳಬೇಕಾಗುತ್ತದೆ ಸಾರ್. ಕಂಪ್ಯೂಟರ್ ವಿಜ್ಞಾನದಲ್ಲಿ ಡೊನಾಲ್ಡ್ ಕನೂತ್ ಅಂದರೆ ದೊಡ್ಡ ಹೆಸರು. ಅವರು ಮನೆಯಲ್ಲೇ ಆರ್ಗನ್ ವಾದ್ಯ ಇಟ್ಟುಕೊಂಡು ನುಡಿಸುತ್ತಾರೆ. ತಾವೇ ಅದಕ್ಕೆ ಒಂದು ಕೃತಿ ರಚಿಸಿದರು, 2018ರಲ್ಲಿ ಅವರ 80ನೇ ಹುಟ್ಟುಹಬ್ಬದ ದಿನ ಸ್ವೀಡನ್‌ನಲ್ಲಿ ಅದರ ಮೊದಲ ಕಛೇರಿ ನಡೆಯಿತು. ಅಷ್ಟು ಕೆಲಸ ಮಾಡಿದವರಿಗೆ ಸಂಗೀತ ಅಡ್ಡ ಬರಲಿಲ್ಲ.

ಕೆಲಸದ ದಣಿವು ಹೇಗೆ ಇಳಿಯುತ್ತದೆ ಅಂತ ಸೋನೆನ್‌ಟಾಗ್ ಮತ್ತು ಫ್ರಿಟ್ಜ್ ಅನ್ನುವ ಇಬ್ಬರು ಸಂಶೋಧಕಿಯರು 2007ರಲ್ಲಿ ನಾಲ್ಕು ವಿಷಯ ಗುರುತಿಸಿದರು. ಕೆಲಸವನ್ನು ತಲೆಯಿಂದ ಆಚೆ ಇಡುವುದು, ವಿಶ್ರಾಂತಿ, ಹೊಸದೊಂದನ್ನು ಕಲಿತು ಪಳಗುವುದು, ಬಿಡುವಿನ ಹೊತ್ತು ತನ್ನ ಹಿಡಿತದಲ್ಲಿರುವುದು. ಸರ್ಟಿಫಿಕೇಶನ್‌ನಲ್ಲಿ ಕಲಿಯುವುದೊಂದು ಇದೆ, ಕೆಲಸ ಮಾತ್ರ ತಲೆಯಿಂದ ಇಳಿಯುವುದಿಲ್ಲ. ಪಿಟೀಲು ಹಿಡಿದಾಗ ಬೇರೆ ಯೋಚನೆ ಮಾಡಿದರೆ ಸ್ವರ ತಪ್ಪುತ್ತದೆ. ಮೊದಲ ವರ್ಷ ಕೇಳಲು ಕಷ್ಟ, ಒಪ್ಪುತ್ತೇನೆ. ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಪ್ಪಾ ಅಂತ ಬೇಕಾದರೆ ಹೇಳಿ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ ಹವ್ಯಾಸ ಏನು ಅಂತ ಕೇಳುತ್ತಾರೆ. ರೆಸ್ಯೂಮೆಯಲ್ಲಿ ಓದುವುದು, ಸಂಗೀತ, ಪ್ರವಾಸ ಅಂತ ಹಾಕಿದರೆ ಸಾಕಾ?

ಉತ್ತರ: ನಿಜವಾಗಿ ಮಾಡುವುದನ್ನು ಮಾತ್ರ ಹಾಕಿ. ಓದುವುದು ಅಂತ ಇದ್ದರೆ, ಈಗ ಯಾವುದು ಓದುತ್ತಿದ್ದೀರಿ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಏನೂ ಇಲ್ಲದಿದ್ದರೆ ಆ ಸಾಲನ್ನೇ ತೆಗೆಯಿರಿ, ಜಾಗ ಉಳಿಯುತ್ತದೆ.