ಓದುಗರ ಪ್ರಶ್ನೆ: ಮುಖಕ್ಕೆ ಹಚ್ಚುವುದರಲ್ಲಿ ಆಗುವ ತಪ್ಪುಗಳು

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಉತ್ತರ.

ಪ್ರಶ್ನೆ: ದಿನಾ ಸ್ಕೂಟಿ ಮ್ಯಾಲ ಕಾಲೇಜಿಗಿ ಹೋಗ್ತೀನ್ರಿ. ಮುಂಜಾನೆ ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಹಚ್ಕೋತೀನಿ, ಸ್ಕಾರ್ಫ್ ಸುತ್ಕೋತೀನಿ. ಆದ್ರೂ ಮಾರಿ ಕರ್ರಗಾಗ್ಲಿಕತ್ತದ. ಕ್ರೀಮೇ ಸರಿ ಇಲ್ಲೇನ್ರಿ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಕ್ರೀಮ್ ಬದಲಿಸುವ ಮೊದಲು ಅಳತೆ ನೋಡಿ. ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) ಅಂಕಿ ನಿಗದಿ ಮಾಡುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸುತ್ತಾರೆ. ಮನೆಯಲ್ಲಿ ಬಹಳಷ್ಟು ಜನ ಅದರ ಅರ್ಧದಷ್ಟೂ ಹಚ್ಚುವುದಿಲ್ಲ. ಹಾಗಾದಾಗ ಟ್ಯೂಬಿನ ಮೇಲಿನ 50 ಮುಖದ ಮೇಲೆ ಇರುವುದಿಲ್ಲ.

ತೋರುಬೆರಳು, ನಡುಬೆರಳಿನ ಪೂರ್ತಿ ಉದ್ದಕ್ಕೆ ಒಂದೊಂದು ಗೆರೆ ಹಿಂಡಿಕೊಳ್ಳಿ. ಮುಖ, ಕುತ್ತಿಗೆಗೆ ಅಷ್ಟು ಬೇಕು. ಒಮ್ಮೆಗೇ ಬಳಿದರೆ ಜಿಡ್ಡು ಅನ್ನಿಸುತ್ತದೆ, ಬಿಳಿ ಪದರ ನಿಲ್ಲುತ್ತದೆ. ಒಂದು ಗೆರೆ ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದು ಹಚ್ಚಿ. ಕಿವಿ, ದವಡೆಯ ಅಂಚು, ಕುತ್ತಿಗೆಯ ಹಿಂಭಾಗ, ಹ್ಯಾಂಡಲ್ ಹಿಡಿದ ಕೈಗಳ ಮೇಲ್ಭಾಗ, ಇವನ್ನು ಮರೆಯುವವರೇ ಜಾಸ್ತಿ. ಈ ಅಳತೆಯಲ್ಲಿ ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬ್ ಸುಮಾರು ಒಂದೂವರೆ ತಿಂಗಳಿಗೆ ಮುಗಿಯಬೇಕು. ನಿಮ್ಮದು ಆರು ತಿಂಗಳು ಬಂದಿದೆಯಾ? ಹಾಗಿದ್ದರೆ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು.

ಮನೆ ಬಿಡುವ 15-20 ನಿಮಿಷ ಮೊದಲು ಹಚ್ಚಿ, ಒಣಗಿದ ಮೇಲೆ ಸ್ಕಾರ್ಫ್ ಕಟ್ಟಿ. ಹಸಿ ಇರುವಾಗಲೇ ಬಿಗಿದರೆ ಅರ್ಧ ಕ್ರೀಮ್ ಬಟ್ಟೆಗೇ ಹೋಗುತ್ತದೆ. ಬಿಸಿಲಲ್ಲೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಬೆವರು ಒರೆಸಿಕೊಂಡಾಗಲೂ ಅಷ್ಟೇ. ಮಧ್ಯಾಹ್ನ ಕಾಲೇಜು ಬಿಟ್ಟು ಮನೆಗೆ ಹೊರಡುವ ಹೊತ್ತಿಗೆ ಮುಂಜಾನೆ ಹಚ್ಚಿದ್ದು ಕೆಲಸಕ್ಕೆ ಬರುವುದಿಲ್ಲ, ನಮ್ಮ ಕಡೆ ಸುಡುವ ಬಿಸಿಲು ಇರುವುದೂ ಆಗಲೇ. ಟ್ಯೂಬನ್ನು ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ. ಏಪ್ರಿಲ್-ಮೇ ತಿಂಗಳ ಕಾವಿಗೆ ಕ್ರೀಮ್ ಒಡೆದು ನೀರು ಬೇರೆ, ಎಣ್ಣೆ ಬೇರೆ ಆಗುತ್ತದೆ. ಅಂಥದ್ದನ್ನು ಹಚ್ಚಿ ಪ್ರಯೋಜನವಿಲ್ಲ.

ಪ್ರಶ್ನೆ: ಬಂಗು ಹೋಗಲೆಂದು ಮೆಡಿಕಲ್ ಅಂಗಡಿಯವರು ಕೊಟ್ಟ ಟ್ಯೂಬನ್ನು ಒಂದು ವರ್ಷದಿಂದ ಹಚ್ಚುತ್ತಿದ್ದೇನೆ. ಮೊದಮೊದಲು ಮುಖ ಬೆಳ್ಳಗಾಯಿತು. ಈಗ ಬಿಟ್ಟರೆ ಎರಡೇ ದಿನಕ್ಕೆ ಕೆಂಪಾಗಿ ಉರಿಯುತ್ತದೆ, ಗುಳ್ಳೆ ಏಳುತ್ತವೆ. ಹಚ್ಚಿದರೆ ಆರಾಮ. ಏನು ಮಾಡಲಿ?
– ಗೃಹಿಣಿ, ಶಹಾಪುರ

ಉತ್ತರ: ಅಕ್ಕಾ, ನಮಗೆ ಬರುವ ಪತ್ರಗಳಲ್ಲಿ ತುಂಬ ಚಿಂತೆ ಹುಟ್ಟಿಸುವುದು ಇಂಥದ್ದೇ. ನೀವು ಬರೆದ ಲಕ್ಷಣಗಳೆಲ್ಲ ಸ್ಟೀರಾಯ್ಡ್ ಕ್ರೀಮಿನ ಕಡೆಗೇ ಬೊಟ್ಟು ಮಾಡುತ್ತವೆ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಔಷಧಿಯ ಹೆಸರು ಓದಿ. ಬೀಟಾಮೆಥಸೋನ್, ಮೊಮೆಟಾಸೋನ್, ಫ್ಲೂಸಿನೋಲೋನ್, ಕ್ಲೋಬೆಟಾಸೋಲ್, ಇವುಗಳಲ್ಲಿ ಒಂದಿದ್ದರೂ ಅದು ಸ್ಟೀರಾಯ್ಡ್. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಸೇರಿದ್ದರೆ ಅದು ಬಂಗಿಗೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ, ರಾತ್ರಿ ಮಾತ್ರ ಹಚ್ಚಲು ಬರೆದುಕೊಡುವ ಮೂರು ಔಷಧಿಗಳ ಮಿಶ್ರಣ. ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಆದರೂ ಕೇಳಿದವರಿಗೆಲ್ಲ ಸಿಗುತ್ತಿದೆ, ಫೇರ್‌ನೆಸ್ ಕ್ರೀಮಿನ ಹಾಗೆ ಬಳಕೆಯಾಗುತ್ತಿದೆ.

ಇದು ಮಾಡುವ ಕೆಲಸ ಇಷ್ಟು. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಬಣ್ಣ ತಯಾರಿಸುವ ಜೀವಕೋಶಗಳನ್ನು ತಡೆಯುತ್ತದೆ. ಅದಕ್ಕೇ ಮೊದಲ ವಾರಗಳಲ್ಲಿ ಮುಖ ತಿಳಿಯಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಕೆಂಪು ಎಳೆಯಂಥ ನರ ಎದ್ದು ಕಾಣುತ್ತವೆ, ಮೊಡವೆ ಬರುತ್ತವೆ, ಹೆಂಗಸರಿಗೆ ಗಲ್ಲದ ಮೇಲೆ ಕೂದಲು ಬೆಳೆಯುತ್ತದೆ. ಬಿಟ್ಟ ಕೂಡಲೇ ಕುಗ್ಗಿದ್ದ ರಕ್ತನಾಳಗಳು ಒಮ್ಮೆಲೇ ಹಿಗ್ಗುತ್ತವೆ. ಉರಿ, ಕೆಂಪು ಆಗುವುದು ಅದರಿಂದ. ಕ್ರೀಮ್ ಬಿಟ್ಟಿದ್ದಕ್ಕೇ ತೊಂದರೆ ಆಯಿತೆಂದು ಜನ ಮತ್ತೆ ಹಚ್ಚುತ್ತಾರೆ. ಬಲೆ ಬಿಗಿಯುವುದು ಅಲ್ಲೇ.

ಟ್ಯೂಬನ್ನು ಎಸೆಯಬೇಡಿ. ಕೈಯಲ್ಲಿ ಹಿಡಿದುಕೊಂಡೇ ಚರ್ಮರೋಗ ತಜ್ಞರ ಹತ್ತಿರ ಹೋಗಿ. ಯಾದಗಿರಿ, ಕಲಬುರಗಿ, ಬೀದರ್ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ವರ್ಷ ಹಚ್ಚಿದವರಿಗೆ ಒಮ್ಮೆಲೇ ನಿಲ್ಲಿಸಬೇಕೋ, ಕಡಿಮೆ ಶಕ್ತಿಯ ಕ್ರೀಮಿಗೆ ಇಳಿಸುತ್ತ ಬಿಡಿಸಬೇಕೋ ಎಂಬುದನ್ನು ಮುಖ ನೋಡಿಯೇ ಹೇಳಬೇಕು. ಅಲ್ಲಿಯವರೆಗೆ ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಬಿಟ್ಟು ಹೊಸದೇನೂ ಹಚ್ಚಬೇಡಿ. ನಿಂಬೆರಸ, ಫೇಶಿಯಲ್, ಬ್ಲೀಚ್ ಯಾವುದೂ ಬೇಡ. ಉರಿಗೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೊಳ್ಳಿ. ಪೂರ್ತಿ ಸರಿಹೋಗಲು ತಿಂಗಳುಗಳೇ ಹಿಡಿಯುತ್ತವೆ, ನಡುವೆ ಧೈರ್ಯ ಕಳೆದುಕೊಳ್ಳಬೇಡಿ.

ಇದೇ ಟ್ಯೂಬನ್ನು ತೊಡೆಸಂದಿಯ ಗಜಕರ್ಣಕ್ಕೂ ಹಚ್ಚುವವರಿದ್ದಾರೆ. ತುರಿಕೆ ಕೂಡಲೇ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹರಡುತ್ತದೆ. ಆಮೇಲೆ ಅದು ಗಜಕರ್ಣವೆಂದು ಗುರುತಿಸುವುದೇ ಕಷ್ಟವಾಗುತ್ತದೆ.

ಪ್ರಶ್ನೆ: ನಮ್ಮ ಮನೆಗೆ ಬೋರ್‌ವೆಲ್ ನೀರು. ದಿನಕ್ಕೆ ನಾಲ್ಕು ಸಲ ಸಾಬೂನು ಹಚ್ಚಿ ಮುಖ ತೊಳೆದರೂ ಸ್ವಚ್ಛ ಅನ್ನಿಸುವುದಿಲ್ಲ, ಬಿಗಿಯುತ್ತದೆ. ಚಳಿಗಾಲದಲ್ಲಿ ಮೈಯೆಲ್ಲ ಬಿಳಿ ಬಿಳಿ ಗೀರು.
– ಓದುಗ, ಬೀದರ್

ಉತ್ತರ: ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕರಗದ ಜಿಗುಟು ಪದರವಾಗುತ್ತವೆ. ಬಚ್ಚಲಿನ ಬಕೆಟ್ಟಿಗೆ ಅಂಟುವ ಬಿಳಿ ಪದರ ಅದೇ. ಅದು ಮುಖದ ಮೇಲೂ ಉಳಿಯುತ್ತದೆ. ನೊರೆ ಬರಲಿಲ್ಲವೆಂದು ನೀವು ಇನ್ನಷ್ಟು ಸಾಬೂನು ಉಜ್ಜುತ್ತೀರಿ. ಆರೋಗ್ಯವಂತ ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಹೆಚ್ಚಿದ್ದರೆ ಕ್ಷಾರ) ಸುಮಾರು 5, ಮಾಮೂಲಿ ಸಾಬೂನಿನದು 9ರಿಂದ 10. ದಿನಕ್ಕೆ ನಾಲ್ಕು ಸಲ ಹೀಗೆ ತೊಳೆದರೆ ಚರ್ಮದ ಸ್ವಂತ ಜಿಡ್ಡು ಉಳಿಯುವುದಾದರೂ ಹೇಗೆ?

ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ ಸಾಕು. ಪೊಟ್ಟಣದ ಮೇಲೆ ಪಿಎಚ್ 5.5 ಎಂದು ಬರೆದ ಸೋಪ್-ಫ್ರೀ ಬಾರ್ ಅಥವಾ ಫೇಸ್‌ವಾಶ್ ಬಳಸಿ. ಅವು ಗಡಸು ನೀರಲ್ಲಿ ಪದರ ಕಟ್ಟುವುದಿಲ್ಲ. ಕೊನೆಯಲ್ಲಿ ಒಂದು ಚೊಂಬು ಆರ್‌ಒ ಫಿಲ್ಟರ್ ನೀರು ಮುಖಕ್ಕೆ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಸುಡು ಸುಡು ನೀರಿನ ಸ್ನಾನ ಬಿಡಿ, ಹದ ಬಿಸಿ ಇರಲಿ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಒಳಗೆ ಹಿಡಿದಿಡಲು ನೀರೇ ಉಳಿದಿರುವುದಿಲ್ಲ. ಮೈಗೆ ಕೊಬ್ಬರಿ ಎಣ್ಣೆಯೂ ನಡೆಯುತ್ತದೆ, ಆದರೆ ಮೊಡವೆ ಬರುವ ಮುಖಕ್ಕೆ ಬೇಡ.

ಪ್ರಶ್ನೆ: ಟಿಕಳಿ ಹಚ್ಚೋ ಜಾಗಾದಾಗ ಹಣಿ ಮ್ಯಾಲ ಬಿಳಿ ಕಲೆ ಆಗ್ಯಾದ. ತೊನ್ನು ಏನ್ರಿ?
– ಓದುಗರು, ಸುರಪುರ

ಉತ್ತರ: ಅಂಟು ಟಿಕಳಿಯ ಗೋಂದಿನಲ್ಲಿರುವ ಕೆಲವು ರಾಸಾಯನಿಕಗಳು ಬಣ್ಣ ತಯಾರಿಸುವ ಜೀವಕೋಶಗಳನ್ನೇ ಕೊಲ್ಲುತ್ತವೆ. ಟಿಕಳಿ ಇಡುವ ಜಾಗದಲ್ಲಷ್ಟೇ ಕಲೆ ಇದ್ದರೆ ಮೊದಲ ಅನುಮಾನ ಅದರ ಮೇಲೆಯೇ. ಇವತ್ತೇ ಬಿಡಿ. ಬೇರೆ ಬ್ರಾಂಡಿಗೆ ಬದಲಿಸುವುದು, ಸ್ವಲ್ಪ ಪಕ್ಕಕ್ಕೆ ಹಚ್ಚುವುದು ಎರಡೂ ಬೇಡ. ಬೇಗ ಬಿಟ್ಟರೆ ಎಷ್ಟೋ ಜನರಿಗೆ ಬಣ್ಣ ನಿಧಾನವಾಗಿ ಮರಳುತ್ತದೆ. ಕಲೆ ದೊಡ್ಡದಾಗುತ್ತಿದ್ದರೆ ಅಥವಾ ಬೇರೆ ಕಡೆ ಕಂಡರೆ ತಜ್ಞರಿಗೆ ತೋರಿಸಿ. ಮೈಮೇಲೆ ಎಲ್ಲಾದರೂ ತಿಳಿ ಬಣ್ಣದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಕ್ರೀಮ್ ಹಚ್ಚುತ್ತ ಕೂರಬೇಡಿ. ಅದು ಕುಷ್ಠದ ಲಕ್ಷಣ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ.

ಪ್ರಶ್ನೆ: ವಿಟಮಿನ್ ಸಿ, ಸ್ಯಾಲಿಸಿಲಿಕ್ ಆಸಿಡ್, ರೆಟಿನಾಲ್ ಮೂರೂ ಆನ್‌ಲೈನಿನಲ್ಲಿ ತರಿಸಿದ್ದೇನೆ. ಯಾವುದರ ಮೇಲೆ ಯಾವುದು ಹಚ್ಚಲಿ?
– ಓದುಗರು, ಬಸವಕಲ್ಯಾಣ

ಉತ್ತರ: ಮೂರನ್ನೂ ಒಂದೇ ವಾರ ಶುರು ಮಾಡಬೇಡಿ. ಮುಖ ಉರಿದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಒಂದನ್ನು ಮೊಣಕೈಯ ಒಳಮಡಿಕೆಗೆ ಒಂದು ವಾರ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ. ಮುಂದಿನದ್ದು ನಾಲ್ಕು ವಾರ ಬಿಟ್ಟು. ರೆಟಿನಾಲ್ (ವಿಟಮಿನ್ ಎ ಬಗೆಯದು) ರಾತ್ರಿ ಮಾತ್ರ, ವಾರಕ್ಕೆ ಎರಡು ಸಲ, ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ. ಆ ರಾತ್ರಿ ಸ್ಯಾಲಿಸಿಲಿಕ್ ಬೇಡ. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ರೆಟಿನಾಲ್ ಮುಟ್ಟಲೇಬಾರದು. ವಿಟಮಿನ್ ಸಿ ಸೀರಮ್ ಕಂದು ಬಣ್ಣಕ್ಕೆ ತಿರುಗಿದ್ದರೆ ಕೆಟ್ಟಿದೆ ಎಂದರ್ಥ, ಚೆಲ್ಲಿಬಿಡಿ.