ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಿ ಟೆಕ್ಕೆನ್ 3 ನಿಧಾನ ಅನಿಸುತ್ತದೆ. ಸರಿ ಮಾಡಬಹುದಾ?

ಅಮೆರಿಕದಿಂದ ಬಂದ ಭಾವ ಕೊಟ್ಟ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಿ (ಹಳೆಯ ಗೇಮ್‌ಗಳನ್ನು ಒಳಗೇ ತುಂಬಿಸಿ ಸೋನಿ ಬಿಟ್ಟ ಪುಟ್ಟ ಡಬ್ಬಿ) ಹೊಡೆದಾಟದ ಗೇಮ್ ಟೆಕ್ಕೆನ್ 3 ಆಡಿದರೆ ಹಳೆಯ ಮಜಾ ಬರುತ್ತಿಲ್ಲ, ಇದನ್ನು ಸುಧಾರಿಸಬಹುದಾ ಇಲ್ಲ ಮಾರಿಬಿಡಲಾ ಅಂತ ಕೇಳಿದ್ದೀರಿ. ಮಾರಬೇಡಿ. ನಿಮ್ಮ ಬೆರಳು ಮರೆತಿಲ್ಲ. ಅದರಲ್ಲಿ ಹಾಕಿರುವ ಗೇಮೇ ನಿಧಾನವಾಗಿದೆ.

ನನಗೂ ಹೀಗೇ ಆಗಿತ್ತು. ಅಪ್ಪನ ಹೋಟೆಲ್ ಮುಂಬೈಯ ಮಾಟುಂಗಾದಲ್ಲಿತ್ತು. ಶಾಲೆ ಬಿಟ್ಟ ಮೇಲೆ ಅಣ್ಣ ನನ್ನನ್ನು ಹಿಂದಿನ ಗಲ್ಲಿಯ ಗೇಮ್ ಪಾರ್ಲರ್‌ಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ಕಲಿತದ್ದು ಟೆಕ್ಕೆನ್ 3. ಎಷ್ಟೋ ವರ್ಷದ ಮೇಲೆ ಡೊಂಬಿವಲಿಯ ಮನೆಯಲ್ಲಿ ಇಬ್ಬರೂ ಈ ಪುಟ್ಟ ಡಬ್ಬಿಯ ಮುಂದೆ ಕೂತೆವು. ಎರಡೇ ರೌಂಡಿಗೆ ಅಣ್ಣ ರಿಮೋಟ್ ಕೆಳಗಿಟ್ಟು, "ಇದು ನೀರೊಳಗೆ ಹೊಡೆದಾಡಿದ ಹಾಗಿದೆ ಕಣೋ" ಅಂದ. ಆ ಮಾತು ನೂರಕ್ಕೆ ನೂರು ಸರಿ.

ಕಾರಣ ಇಷ್ಟೆ. ಸೋನಿ ಈ ಕ್ಲಾಸಿಕ್ ಬಿಟ್ಟದ್ದು 2018ರ ಡಿಸೆಂಬರ್ 3ರಂದು, ಮೂಲ ಪ್ಲೇಸ್ಟೇಷನ್ ಜಪಾನಿನಲ್ಲಿ ಬಂದು ಸರಿಯಾಗಿ 24 ವರ್ಷಕ್ಕೆ. ಅಮೆರಿಕದಲ್ಲಿ ಮಾರಿದ್ದರಲ್ಲೂ 20 ಗೇಮ್‌ಗಳ ಪೈಕಿ 9 ಯುರೋಪಿನ ಪಾಲ್ ಆವೃತ್ತಿಗಳು, ಅಂದರೆ ಅಲ್ಲಿನ ಟಿವಿ ಪದ್ಧತಿಗೆ ಮಾಡಿದವು. ಟೆಕ್ಕೆನ್ 3 ಅದರಲ್ಲಿ ಒಂದು. ರೆಸಿಡೆಂಟ್ ಈವಿಲ್, ಗ್ರ್ಯಾಂಡ್ ಥೆಫ್ಟ್ ಆಟೋ, ಡಿಸ್ಟ್ರಕ್ಷನ್ ಡರ್ಬಿ ಕೂಡ ಅದೇ ಸಾಲಿಗೆ ಸೇರುತ್ತವೆ. ಪಾಲ್ ಗೇಮ್ ಸೆಕೆಂಡಿಗೆ 50 ಚಿತ್ರದ ಲೆಕ್ಕದಲ್ಲಿ ಓಡುತ್ತದೆ, ಅಮೆರಿಕದ್ದು 60ರ ಲೆಕ್ಕದಲ್ಲಿ. ಆವೃತ್ತಿ ಬದಲಿಸುವಾಗ ವೇಗ ಹೊಂದಿಸದೇ ಬಿಟ್ಟರೆ ಅಲ್ಲಿ 10 ಸೆಕೆಂಡಿನ ಹೊಡೆದಾಟ ಇಲ್ಲಿ 12 ಸೆಕೆಂಡು ಹಿಡಿಯುತ್ತದೆ. ಸಾಲದ್ದಕ್ಕೆ ಡಬ್ಬಿಯಿಂದ ಟಿವಿಗೆ ಹೋಗುವುದು 60. 50 ಚಿತ್ರವನ್ನು 60ರಲ್ಲಿ ಕೂರಿಸಲು ಪ್ರತಿ 5ನೇ ಚಿತ್ರವನ್ನು ಎರಡು ಸಲ ತೋರಿಸಬೇಕು. ಪರದೆ ಪಕ್ಕಕ್ಕೆ ಸರಿಯುವಾಗ ಸಣ್ಣಗೆ ತಡವರಿಸಿದ ಹಾಗೆ ಕಾಣುವುದು ಅದಕ್ಕೇ. ಒಳಗಿನ ಚಿಪ್‌ನ ತಪ್ಪು ಏನೂ ಇಲ್ಲ. ನಾಲ್ಕು ಕೋರ್‌ನ ಮೀಡಿಯಾಟೆಕ್ ಚಿಪ್, 1 ಜಿಬಿ ರ‍್ಯಾಮ್ ಇದೆ. ಮೂಲ ಪ್ಲೇಸ್ಟೇಷನ್‌ಗೆ ಇದ್ದ ಮುಖ್ಯ ಮೆಮೊರಿ ಬರೀ 2 ಎಂಬಿ. ಇಷ್ಟು ಒಳ್ಳೆಯ ಡಬ್ಬಿಗೆ ತಪ್ಪು ಆವೃತ್ತಿ ತುಂಬಿದ್ದಾರಲ್ಲ ಅಂತ ನನಗೆ ಇವತ್ತಿಗೂ ಬೇಜಾರಿದೆ.

ಹಾಗಾಗಿ ಮಾಡಬೇಕಾದ ಕೆಲಸ ಒಂದೇ: ಅಮೆರಿಕದ ಆವೃತ್ತಿಯನ್ನು ಪೆನ್ ಡ್ರೈವ್‌ನಿಂದ ಓಡಿಸುವುದು. ಇದಕ್ಕೆ ಆಟೋಬ್ಲೀಮ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಪೆನ್ ಡ್ರೈವ್ ಅನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಅದಕ್ಕೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಸೋನಿ ಅಂತಲೇ ಹೆಸರಿಡಿ. ಹೆಸರು ತಪ್ಪಿದರೆ ಡಬ್ಬಿ ಅದನ್ನು ಗುರುತಿಸುವುದೇ ಇಲ್ಲ. ಆಟೋಬ್ಲೀಮ್‌ನ ಫೈಲುಗಳನ್ನು ಅದರೊಳಗೆ ಬಿಚ್ಚಿ, ಎರಡನೇ ರಿಮೋಟ್ ಚುಚ್ಚುವ ಜಾಗದಲ್ಲಿ ಹಾಕಿ, ಆಮೇಲೆ ಪವರ್ ಒತ್ತಿ. ಅದು ಡಬ್ಬಿಯ ಒಳಗಿನ ಮೆಮೊರಿಗೆ ಕೈ ಹಾಕುವುದಿಲ್ಲ. ಪೆನ್ ಡ್ರೈವ್ ತೆಗೆದರೆ ಎಲ್ಲಾ ಮೊದಲಿದ್ದ ಹಾಗೆ.

ಗೇಮ್ ಎಲ್ಲಿಂದ ತರುವುದು? ಭಾವನವರ ಹತ್ತಿರ ಹಳೆಯ ಡಿಸ್ಕ್‌ಗಳು ಉಳಿದಿವೆಯಾ ಕೇಳಿ ನೋಡಿ. ಡಿಸ್ಕ್ ಮೇಲಿನ ಸಂಖ್ಯೆ ಎಸ್‌ಎಲ್‌ಯುಎಸ್ ಅಥವಾ ಎಸ್‌ಸಿಯುಎಸ್ ಅಂತ ಶುರುವಾದರೆ ಅಮೆರಿಕದ್ದು. ಎಸ್‌ಎಲ್‌ಇಎಸ್, ಎಸ್‌ಸಿಇಎಸ್ ಇದ್ದರೆ ಯುರೋಪಿನದು, ಬಿಟ್ಟುಬಿಡಿ. ಕಂಪ್ಯೂಟರಿನ ಡಿವಿಡಿ ಡ್ರೈವ್‌ಗೆ ಹಾಕಿ ಕಾಪಿ ಮಾಡಿದಾಗ ಬಿನ್ ಮತ್ತು ಕ್ಯೂ ಅಂತ ಎರಡು ಥರದ ಫೈಲು ಬರುತ್ತವೆ. ಕ್ಯೂ ಫೈಲು ಚಿಕ್ಕದಿದೆ ಅಂತ ಬಿಸಾಡಬೇಡಿ. ಹಾಡುಗಳು ಎಲ್ಲಿ ಶುರು ಅನ್ನುವುದು ಅದರಲ್ಲೇ ಬರೆದಿರುತ್ತದೆ. ಅದಿಲ್ಲದಿದ್ದರೆ ವೈಪ್‌ಔಟ್‌ನಂಥ ಗೇಮ್ ಓಡುತ್ತದೆ, ಹಾಡು ಮಾತ್ರ ಬರುವುದಿಲ್ಲ. ಆ ಗೇಮ್ ಹಾಡಿಲ್ಲದೆ ಆಡೋದೇ ಬೇಡ.

ಪೆನ್ ಡ್ರೈವ್ ಬಗ್ಗೆ ಒಂದು ಮಾತು. ನಾನು ಗ್ರ್ಯಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ 64 ಜಿಬಿಯದು ಅಗ್ಗಕ್ಕೆ ಸಿಕ್ಕಿತು ಅಂತ ತಂದೆ. ಮೊದಲ ಹತ್ತು ಗೇಮ್ ಚೆನ್ನಾಗಿ ಓಡಿದವು. ಹನ್ನೊಂದನೆಯದು ಲೋಗೋ ತೋರಿಸಿ ನಿಂತುಬಿಟ್ಟಿತು. ಎರಡು ರಾತ್ರಿ ಆಟೋಬ್ಲೀಮ್ ಸರಿಯಿಲ್ಲ ಅಂದುಕೊಂಡು ಮತ್ತೆ ಮತ್ತೆ ಹಾಕಿದೆ. ಕೊನೆಗೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಸಣ್ಣ ಪ್ರೋಗ್ರಾಂನಿಂದ ಪರೀಕ್ಷಿಸಿದರೆ ನಿಜವಾದ ಜಾಗ ಇದ್ದದ್ದು 8 ಜಿಬಿಗಿಂತ ಕಮ್ಮಿ. ನೀವು ಗೇಮ್ ತುಂಬುವ ಮೊದಲೇ ಪರೀಕ್ಷೆ ಮಾಡಿ. ಯುಎಸ್‌ಬಿ 2.0 ಇದ್ದರೆ ಸಾಕು. ಡಬ್ಬಿಯ ಮುಂಭಾಗದ ಪೋರ್ಟ್‌ಗಳಿಂದ ಜಾಸ್ತಿ ಕರೆಂಟ್ ಸಿಗುವುದಿಲ್ಲ, ಹಾಗಾಗಿ ವೇಗದ 3.0 ಪೆನ್ ಡ್ರೈವ್‌ಗಳು ಎಷ್ಟೋ ಸಲ ಕೈಕೊಡುತ್ತವೆ. ಚಾರ್ಜರ್ ಡಬ್ಬಿಯ ಜೊತೆ ಬರುವುದಿಲ್ಲ. 5 ವೋಲ್ಟ್, 1 ಆಂಪಿಯರ್ ಕೊಡುವ ಒಳ್ಳೆಯ ಮೊಬೈಲ್ ಚಾರ್ಜರ್ ಹಾಕಿ. ಟಿವಿಯ ಯುಎಸ್‌ಬಿಯಿಂದ ಕರೆಂಟ್ ಎಳೆಯಬೇಡಿ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಅದನ್ನೂ ಆನ್ ಮಾಡಿ, ಗುಂಡಿ ಒತ್ತಿದ್ದಕ್ಕೂ ಏಟು ಬೀಳುವುದಕ್ಕೂ ನಡುವಿನ ತಡ ಕಮ್ಮಿಯಾಗುತ್ತದೆ.

ರಿಮೋಟ್ ಬದಲಿಸಬೇಕಾ? ಟೆಕ್ಕೆನ್‌ಗೆ ಬೇಡ. ಜೊತೆಗೆ ಬಂದದ್ದರಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಅನಲಾಗ್ ಕಡ್ಡಿಗಳಿಲ್ಲ, ಆದರೆ ಹೊಡೆದಾಟಕ್ಕೆ ಆ ಬಾಣದ ಗುಂಡಿಗಳೇ ಚೆಂದ. ಏಪ್ ಎಸ್ಕೇಪ್‌ನಂಥ ಗೇಮ್ ಮಾತ್ರ ಕಡ್ಡಿ ಇಲ್ಲದೆ ಆಡಲು ಆಗುವುದಿಲ್ಲ.

ಅಮೆರಿಕದ ಆವೃತ್ತಿ ಹಾಕಿದ ಸಂಜೆ ಅಣ್ಣನನ್ನು ಮತ್ತೆ ಕರೆದೆ. ಏನೂ ಹೇಳಲಿಲ್ಲ. ಮೊದಲ ಒದೆ ಬಿದ್ದ ಕೂಡಲೇ ಅವನು ಮುಂದಕ್ಕೆ ಬಾಗಿ ಕೂತ, ಪಾರ್ಲರ್‌ನಲ್ಲಿ ಕೂರುತ್ತಿದ್ದ ಹಾಗೇ. ಊಟಕ್ಕೆ ಅತ್ತಿಗೆ ಮೂರು ಸಲ ಕರೆಯಬೇಕಾಯಿತು.